ಕೆನ್ನೆ ಇಡದ ಬಂದೂಕು

ಪ್ಲಮ್ ಹಣ್ಣಿನ ಸಾರಾಯಿ ಕಾಯಿಸುವ ಕಾಲ. ಗುರುವಾರ, ಬೆಳಗಿನ ಹತ್ತು ಗಂಟೆ.

ಬಂದೂಕಿನ ನಳಿಗೆ ನನ್ನ ಹೊಟ್ಟೆಗೆ ಒತ್ತಿಕೊಂಡಿತ್ತು.

ಹಿಡಿದವನು ಪ್ರೋದಾನ್. ತಿಹೋಮಿರನ ಬಂಟ. ಕುತ್ತಿಗೆಯೇ ಇಲ್ಲದ ಮನುಷ್ಯ. ತಲೆ ನೇರವಾಗಿ ಹೆಗಲ ಮೇಲೆ ಕೂತಿತ್ತು, ಕಂಬದ ಮೇಲೆ ಕುಂಬಳಕಾಯಿ ಇಟ್ಟ ಹಾಗೆ.

"ಅಲ್ಲಾಡಬೇಡ ತಾತ," ಎಂದ.

ಅಲ್ಲಾಡಲಿಲ್ಲ. ನನ್ನ ವಯಸ್ಸಿನಲ್ಲಿ ಅಲ್ಲಾಡದೆ ನಿಲ್ಲುವುದು ಸುಲಭ. ಅಲ್ಲಾಡುವುದೇ ಕಷ್ಟ.

"ಪ್ರೋದಾನ್, ಆ ಟ್ರಿಗರ್ ಎಳೆದ್ರೆ ನನ್ನ ಹೊಟ್ಟೆ ಹೋಗುತ್ತೆ. ಸರಿ. ಆದ್ರೆ ನಿನ್ನ ಕಣ್ಣೂ ಹೋಗುತ್ತೆ."

"ಏನಂದೆ?"

"ನಿನ್ನ ಕೈಲಿರೋದೂ ಅದೇ ನಲವತ್ತರಲ್ಲಿ ಒಂದು. ಈಗ ತಾನೇ ನೋಡಿಟ್ಟಿದ್ದು. ಗುಂಡು ಮುಂದಕ್ಕೆ ಹೋಗುತ್ತೆ, ಬೆಂಕಿ ಹಿಂದಕ್ಕೆ ಬರುತ್ತೆ. ಎಳೀತೀಯಾ? ಎಳಿ."

ನಳಿಗೆ ಹೊಟ್ಟೆಯ ಮೇಲೇ ಇತ್ತು. ಪ್ರೋದಾನನ ಮುಖ ಮಾತ್ರ ಮೆಲ್ಲಗೆ ಪಕ್ಕಕ್ಕೆ ಸರಿಯಿತು...

ಆ ಸರಿದ ಮುಖವನ್ನು ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

ನನ್ನ ಹೆಸರು ಓಬ್ರಾದ್. ಓದಿದ್ದು ನಾಲ್ಕನೇ ಕ್ಲಾಸು. ಆಮೇಲೆ ಸೈನ್ಯದ ರಿಪೇರಿ ಡಿಪೋ. ಹಳೆಯ ರೈಫಲ್ ಬಿಚ್ಚುವುದು, ತೊಳೆಯುವುದು, ಜೋಡಿಸುವುದು, ನಂಬರ್ ಹೊಡೆಯುವುದು ನನ್ನ ಕೆಲಸವಾಗಿತ್ತು. ಡಿಪೋ ಮುಚ್ಚಿತು. ದೇಶವೂ ಮುಚ್ಚಿತು. ಬಂದೂಕುಗಳು ಉಳಿದುಕೊಂಡವು. ಸೈನ್ಯ ಅವನ್ನು ರಾಶಿಗಟ್ಟಲೆ ಮಾರುತ್ತದೆ, ವ್ಯಾಪಾರಿಗಳು ಕೊಳ್ಳುತ್ತಾರೆ. ಕಾಡುಹಂದಿ ಹೊಡೆಯುವ ಊರಿನವರು ವ್ಯಾಪಾರಿಗಳಿಂದ ಕೊಳ್ಳುತ್ತಾರೆ. ಕೊಳ್ಳುವ ಮುಂಚೆ ನನ್ನನ್ನು ಕರೆಯುತ್ತಾರೆ. ಸರಿ ಇದ್ದರೆ ಸರಿ ಎನ್ನುತ್ತೇನೆ, ಇಲ್ಲದಿದ್ದರೆ ಇಲ್ಲ ಎನ್ನುತ್ತೇನೆ.

ಇದರಿಂದ ಸ್ನೇಹಿತರು ಹೆಚ್ಚುವುದಿಲ್ಲ.

ಆ ಗುರುವಾರ ನನ್ನನ್ನು ಕಳಿಸಿದ್ದು ನಮ್ಮೂರಿನ ಬೇಟೆಗಾರರ ಸಂಘ. ತಿಹೋಮಿರ್ ನಲವತ್ತು ಹಳೆಯ ರೈಫಲ್ ತಂದಿದ್ದಾನೆ, ನೋಡಿ ಬಾ ಎಂದಿದ್ದರು. ಮೊದಲು ಹಂದಿ ಸಾಕುತ್ತಿದ್ದ ದೊಡ್ಡಿಯೇ ಈಗ ಅವನ ಗೋದಾಮು. ಹಂದಿಗಳು ಹೋಗಿದ್ದರೂ ವಾಸನೆ ಹೋಗಿರಲಿಲ್ಲ. ಗೋಡೆಗೆ ಒರಗಿಸಿದ ನಲವತ್ತು ಬಂದೂಕು. ಮರಕ್ಕೆಲ್ಲ ಎಣ್ಣೆ ಹಚ್ಚಿ ಮಿರಮಿರ ಮಿಂಚಿಸಿದ್ದರು.

ಮಿಂಚುವುದನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು.

ನನ್ನ ಜೇಬಿನಲ್ಲಿ ಒಂದು ಉಕ್ಕಿನ ತುಂಡು ಇರುತ್ತದೆ. ತೋಟಾದ ಆಕಾರ. ತೋಟಾಕ್ಕಿಂತ ಕೂದಲೆಳೆಯಷ್ಟು ಉದ್ದ. ಡಿಪೋದಲ್ಲಿ ಅದಕ್ಕೆ 'ಹೋಗದು' ಎಂದೇ ಹೆಸರು. ಬಂದೂಕಿನೊಳಗೆ ಅದನ್ನು ಇಟ್ಟು ಹಿಂದಿನ ಚಿಲಕವನ್ನು ಮುಚ್ಚಲು ನೋಡಬೇಕು. ಮುಚ್ಚಬಾರದು. ಮುಚ್ಚಿಕೊಂಡರೆ ಒಳಗೆ ಜಾಗ ಹೆಚ್ಚಾಗಿದೆ ಎಂದು ಅರ್ಥ. ಹೊಡೆದಾಗ ತೋಟಾದ ಹಿತ್ತಾಳೆ ಹರಿಯುತ್ತದೆ. ಬೆಂಕಿ ಹಿಂದಕ್ಕೆ ನುಗ್ಗುತ್ತದೆ. ಹಿಂದೆ ಇರುವುದು ಏನು? ಹೊಡೆಯುವವನ ಕೆನ್ನೆ, ಕಣ್ಣು.

ಮೊದಲನೆಯದರಲ್ಲಿ ಇಟ್ಟೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಚಿಲಕ ಮುಚ್ಚಿಕೊಂಡಿತು.

ಎರಡನೆಯದು... ಅದೂ ಮುಚ್ಚಿತು.

ಮೂರನೆಯದೂ ಮುಚ್ಚಿತು. ನಂಬರುಗಳನ್ನು ನೋಡಿದೆ. ಬಂದೂಕಿಗೂ ಚಿಲಕಕ್ಕೂ ಒಂದೇ ನಂಬರ್ ಇರಬೇಕು, ಜೋಡಿ ಸರಿ ಇದೆ ಎಂಬುದಕ್ಕೆ ಅದೇ ಗುರುತು. ಎಲ್ಲದರಲ್ಲೂ ಒಂದೇ ಇತ್ತು. ಆದರೆ ಚಿಲಕಗಳ ಮೇಲೆ ಅರದ ಗೀರು. ಗೀರಿನ ಮೇಲೆ ಹೊಸ ಅಂಕಿ. ಡಿಪೋದಲ್ಲಿ ನಾನು ಹೊಡೆಯುತ್ತಿದ್ದ ನಾಲ್ಕರ ಅಂಕಿಗೆ ತಲೆ ತೆರೆದಿರುತ್ತಿತ್ತು. ಈ ನಾಲ್ಕಕ್ಕೆ ತಲೆ ಮುಚ್ಚಿತ್ತು.

ಮೂಲೆಯಲ್ಲಿ, ಕೊಯ್ದ ಹಂದಿಯನ್ನು ಬಿಸಿನೀರಿನಲ್ಲಿ ಅದ್ದುವ ಮರದ ತೊಟ್ಟಿ. ಅದರ ತುಂಬ ಪೆಟ್ರೋಲ್, ಕರಿ ಗ್ರೀಸು.

ಅರ್ಥವಾಯಿತು. ನಲವತ್ತು ಚಿಲಕಗಳನ್ನೂ ಕಿತ್ತು ಒಂದೇ ತೊಟ್ಟಿಗೆ ಸುರಿದು ತೊಳೆದಿದ್ದರು. ಯಾವುದು ಯಾವುದರದ್ದೆಂದು ಆಮೇಲೆ ಗೊತ್ತಾಗಲಿಲ್ಲ. ಕೈಗೆ ಸಿಕ್ಕಿದ್ದನ್ನು ಸಿಕ್ಕಿದ್ದಕ್ಕೆ ತುರುಕಿದರು. ಒಂದೊಂದನ್ನೂ ಹುಡುಕಿ ಕೂಡಿಸಲು ವಾರಗಳು ಬೇಕು. ಹಳೇ ನಂಬರ್ ಉಜ್ಜಿ ಹೊಸದು ಹೊಡೆಯಲು ಒಂದು ಮಧ್ಯಾಹ್ನ ಸಾಕು.

ದ್ವೇಷದಿಂದ ಕೊಲ್ಲುವವರನ್ನು ಕಂಡಿದ್ದೇನೆ. ದುಡ್ಡಿಗೆ ಕೊಲ್ಲುವವರನ್ನೂ ಕಂಡಿದ್ದೇನೆ. ಸೋಮಾರಿತನಕ್ಕೆ ಕೊಲ್ಲುವವನನ್ನು ಕಂಡದ್ದು ಅದೇ ಮೊದಲು.

"ಒಂದೂ ಆಗಲ್ಲ," ಎಂದೆ. "ಸಂಘಕ್ಕೆ ಹಾಗೇ ಹೇಳ್ತೀನಿ."

ಆಗಲೇ ಪ್ರೋದಾನ್ ಕೈಗೆ ಸಿಕ್ಕ ಬಂದೂಕು ಎತ್ತಿದ್ದು.

ತಿಹೋಮಿರ್ ಒಳಗೆ ಬಂದ. ಚರ್ಮದ ಕೋಟು, ಬಾಯಲ್ಲಿ ಹಲ್ಲುಕಡ್ಡಿ. ಹೆಸರಿನಲ್ಲೇ ಶಾಂತಿ ಇಟ್ಟುಕೊಂಡವನು. ದನಿ ಏರಿಸಿದ್ದನ್ನು ನಾನು ಕೇಳಿಲ್ಲ.

"ಇಳಿಸು ಪ್ರೋದಾನ್. ದೊಡ್ಡೋರ ಜೊತೆ ಹೀಗಾ ನಡ್ಕೊಳೋದು? ಮೇಸ್ತ್ರಿ, ಕೂತ್ಕೊಳ್ಳಿ."

"ಹಂದಿ ದೊಡ್ಡೀಲಿ ನಿಂತೇ ಇರ್ತೀನಿ."

"ನಿಮ್ಮಿಷ್ಟ. ಇದನ್ನ ನೋಡಿದ್ರಾ?" ಹಿಂದಿನಿಂದ ಅದೇ ಜಾತಿಯ ಒಂದು ಬಂದೂಕು ತಂದ. ಮರದ ಹಿಡಿಗೆ ಬೆಳ್ಳಿಯ ಹೂವು ಕೂರಿಸಿತ್ತು. "ಭಾನುವಾರ ನನ್ನ ಲಾರಿ ಓಡಿಸೋ ವೆಲ್ಕೊ ಮದುವೆ. ಇದು ನನ್ನ ಉಡುಗೊರೆ. ಸೇಬು ಇದರಲ್ಲೇ ಬೀಳೋದು."

ನಮ್ಮ ಕಡೆ ಗಂಡಿನ ದಿಬ್ಬಣ ಹೆಣ್ಣಿನ ಮನೆಗೆ ಹೋದರೆ, ಎತ್ತರದ ಮರದ ತುದಿಗೆ ಒಂದು ಸೇಬು ಕಟ್ಟಿರುತ್ತಾರೆ. ಅದನ್ನು ಹೊಡೆದು ಬೀಳಿಸುವವರೆಗೆ ಹೆಣ್ಣು ಹೊರಗೆ ಬರುವುದಿಲ್ಲ. ವೆಲ್ಕೊನ ಕಡೆಯಿಂದ ಹೊಡೆಯುವವಳು ಯಾರೆಂದು ಊರಿಗೇ ಗೊತ್ತು. ಅವನ ಅಕ್ಕ ಸ್ತಾಮೆನಾ. ಊರಿನ ಅಂಚೆಯವಳು. ಸಂಘದಲ್ಲಿ ಅವಳಷ್ಟು ಗುರಿ ಇನ್ನೊಬ್ಬರಿಗಿಲ್ಲ.

"ಚಿಲಕ ತೆಗಿ, ನೋಡ್ತೀನಿ," ಎಂದೆ.

"ಮದುವೆಗೆ ಕೂಮನಾಗಿ ನಿಲ್ಲೋನು ಕೊಡೋ ಉಡುಗೊರೆನ ಯಾರೂ ಬಿಚ್ಚಿ ನೋಡಲ್ಲ ಮೇಸ್ತ್ರಿ."

"ತಿಹೋಮಿರ್, ಅವಳ ಕಣ್ಣು ಹೋಗುತ್ತೆ."

"ನಾವು ಮೂರ್ನಾಲ್ಕನ್ನ ಕಟ್ಟಿಹಾಕಿ ಹೊಡೆದು ನೋಡಿದೀವಿ. ಏನೂ ಆಗಲಿಲ್ಲ. ಒಂದು ಗುಂಡು, ಒಂದು ಸೇಬು. ಸಂಘದೋರೆಲ್ಲ ಅಲ್ಲೇ ಇರ್ತಾರೆ. ಸೇಬು ಬೀಳುತ್ತೆ, ನಲವತ್ತೂ ಖರ್ಚಾಗುತ್ತೆ."

"ಹೊರಗೆ ಹೋಗಿ ಹೇಳ್ತೀನಿ."

"ಹೇಳಿ. ಯಾರು ನಂಬ್ತಾರೆ? ಕೂಮತನ ಕೈತಪ್ಪಿದ ಮುದುಕ, ಹೊಟ್ಟೆಕಿಚ್ಚಿಗೆ ಬೊಗಳ್ತಿದಾನೆ ಅಂತಾರೆ."

ಅವನು ಪ್ರೋದಾನನಿಗೆ ಸನ್ನೆ ಮಾಡಿದ. ಪ್ರೋದಾನ್ ನನ್ನ ಬೆರಳು ಬಿಡಿಸಿ 'ಹೋಗದು' ಕಿತ್ತುಕೊಂಡ. ತನ್ನ ಜೇಬಿಗೆ ಹಾಕಿಕೊಂಡ.

ಇದರಲ್ಲಿ ಕೆಟ್ಟದ್ದೇನೆಂದರೆ, ತಿಹೋಮಿರ್ ಹೇಳಿದ್ದು ನಿಜ.

ಸ್ತಾಮೆನಾಳನ್ನೂ ವೆಲ್ಕೊನನ್ನೂ ಚರ್ಚಿನ ದೀಕ್ಷಾಸ್ನಾನಕ್ಕೆ ಎತ್ತಿ ಹಿಡಿದವನು ನಾನು. ಅಂಥವನನ್ನು ನಾವು ಕೂಮ ಎನ್ನುತ್ತೇವೆ. ದೇವರ ಎದುರಿಗೆ ಕಟ್ಟಿದ ನಂಟು, ರಕ್ತಕ್ಕಿಂತ ಮೇಲು. ಮದುವೆಗೂ ಅದೇ ಮನೆಯವನೇ ಕೂಮನಾಗಿ ನಿಲ್ಲಬೇಕು. ನನ್ನಜ್ಜನ ಕಾಲದಿಂದ ಅವರ ಮನೆಗೆ ನಾವೇ. ಆದರೆ ವೆಲ್ಕೊ ತಿಹೋಮಿರನ ಲಾರಿ ಓಡಿಸುತ್ತಾನೆ. ಯಜಮಾನನಿಗೆ ಕೂಮನಾಗುವ ಆಸೆ ಬಂತು. ಹುಡುಗ ರೊಟ್ಟಿ, ಉಪ್ಪು, ಒಂದು ಬಾಟಲಿ ಹಿಡಿದು ನನ್ನ ಮನೆಗೆ ಬಂದ. ಅಪ್ಪಣೆ ಕೊಡಿ ಎಂದು ತಲೆ ತಗ್ಗಿಸಿ ನಿಂತ. ಕೊಟ್ಟೆ. ಹೊಟ್ಟೆಪಾಡಿನ ಎದುರು ಮುದುಕನ ಪದವಿ ಎಷ್ಟರದು?

ಅಂದು ಸಂಜೆಯೇ ಸಂಘದ ಅಧ್ಯಕ್ಷ ಸ್ರೆತೆನ್ ಮನೆಗೆ ಹೋದೆ. ಅವನು ಸಾರಾಯಿ ಹಂಡೆಯ ಮುಂದೆ ಕೂತು ಬೆಂಕಿ ಸರಿಮಾಡುತ್ತಿದ್ದ.

"ನಲವತ್ತೂ ಬೇಡ."

"ನಲವತ್ತೂನಾ ಓಬ್ರಾದ್? ಒಂದೂ ಸರಿ ಇಲ್ವಾ?"

"ಒಂದೂ ಇಲ್ಲ."

ಅವನು ಸೌದೆ ಒಳಗೆ ನೂಕಿದ. ನನ್ನ ಮುಖ ನೋಡಲಿಲ್ಲ. "ತಿಹೋಮಿರ್ ಬಂದಿದ್ದ. ನೀನು ಹೀಗೇ ಅಂತೀಯ ಅಂದ. ಭಾನುವಾರ ಸೇಬು ಬೀಳಲಿ. ಆಮೇಲೆ ನೋಡೋಣ."

ಮನುಷ್ಯನ ಮಾತಿಗಿಂತ ಸೇಬಿನ ಮಾತು ದೊಡ್ಡದಾಯಿತು.

ಶುಕ್ರವಾರ ಸ್ತಾಮೆನಾ ಮನೆಯಂಗಳದಲ್ಲಿ ಕೂತು ಮದುವೆಗೆ ಎಲೆಕೋಸಿನ ಸುರುಳಿ ಸುತ್ತುತ್ತಿದ್ದಳು. ಮೊಣಕೈವರೆಗೆ ಮಾಂಸ, ಅಕ್ಕಿ.

"ಬನ್ನಿ ಕೂಮ. ಕೈ ತೊಳ್ಕೊಂಡು ಕಾಫಿ ಇಡ್ತೀನಿ."

"ಕಾಫಿ ಬೇಡ ಮಗಳೇ. ಭಾನುವಾರ ಆ ಬಂದೂಕು ಮುಟ್ಟಬೇಡ."

"ಯಾವುದು? ಕೂಮ ಕೊಡೋದಾ?"

ಆ ಹೆಸರನ್ನು ಅವಳು ಇನ್ನೊಬ್ಬನಿಗೆ ಹೇಳಿದ್ದನ್ನು ಮೊದಲ ಸಲ ಕೇಳಿದೆ.

"ಅದು ಹಿಂದಕ್ಕೆ ಉಗಿಯುತ್ತೆ. ಅದರ ಜೊತೆಯವನ್ನ ನೋಡಿದೀನಿ."

"ಜೊತೆಯವನ್ನ. ಅದನ್ನೇ ನೋಡಿದ್ರಾ?"

"ಬಿಡಲಿಲ್ಲ."

ಅವಳು ಒಂದು ಸುರುಳಿ ಮುಗಿಸಿದಳು. ಪಾತ್ರೆಯಲ್ಲಿಟ್ಟಳು. ಇನ್ನೊಂದು ಎಲೆ ತೆಗೆದಳು.

"ನಿಮಗೆ ಬೇಜಾರಾಗಿದೆ. ಆಗದೆ ಇರುತ್ತಾ? ನಮ್ಮಪ್ಪ ಬದುಕಿದ್ದಿದ್ರೆ ಈ ಮಾತು ಎತ್ತೋಕೂ ಬಿಡ್ತಿರಲಿಲ್ಲ."

"ಬೇಜಾರು ಬೇರೆ, ಬಂದೂಕು ಬೇರೆ."

"ಕೂಮ ಕೊಟ್ಟಿದ್ದನ್ನ ಬಿಚ್ಚಿ ನೋಡು ಅಂತೀರಲ್ಲ... ನನ್ನ ದೀಕ್ಷೆ ದಿನ ನೀವು ಬೆಳ್ಳಿ ಶಿಲುಬೆ ಕೊಟ್ರಿ. ನಮ್ಮಪ್ಪ ಅದನ್ನ ತಕ್ಕಡಿಗೆ ಹಾಕಿದ್ನಾ? ಕಚ್ಚಿ ನೋಡಿದ್ನಾ?"

ಇದು ನಮ್ಮ ಜನರ ದಡ್ಡತನ. ಸಂತೆಯಲ್ಲಿ ಕುದುರೆ ಕೊಂಡರೆ ಹಲ್ಲು ಎಣಿಸುತ್ತೇವೆ, ಗೊರಸು ಎತ್ತುತ್ತೇವೆ, ಬಾಲದ ಕೆಳಗೂ ನೋಡುತ್ತೇವೆ. ಕೂಮ ಕೊಟ್ಟ ಕುದುರೆಗೆ ಕಾಲು ಮೂರೇ ಇದ್ದರೂ ಮುತ್ತಿಟ್ಟು ಹತ್ತುತ್ತೇವೆ. ತಿಹೋಮಿರ್ ಬೇರೇನೂ ಓದಿಲ್ಲ, ಇದನ್ನು ಓದಿಕೊಂಡಿದ್ದ.

"ಸರಿ. ನಿಮ್ಮ ಆ ಉಕ್ಕಿನ ತುಂಡು ತನ್ನಿ. ಯಾರಿಗೂ ಕಾಣದ ಹಾಗೆ ಒಂದು ಸಲ ಹಾಕಿ ನೋಡೋಣ."

"ಕಿತ್ಕೊಂಡ್ರು."

ಅವಳು ನನ್ನನ್ನು ನೋಡಿದಳು. ಸುಳ್ಳುಗಾರನನ್ನು ನೋಡುವ ನೋಟವಲ್ಲ ಅದು. ಮರುಕದ ನೋಟ. ಅದು ಇನ್ನೂ ಕೆಟ್ಟದ್ದು.

"ಕೂಮ ಅಂದ್ರೆ ಅಂಗಿ ಗುಂಡಿ ಅಲ್ಲ, ಬೇಕಾದಾಗ ಕಿತ್ತು ಬೇರೆ ಹೊಲಿಯೋಕೆ ಅಂತ ನೀವೇ ಹೇಳ್ತಿದ್ರಿ," ಎಂದಳು ಮೆಲ್ಲಗೆ. "ನಾವು ಕಿತ್ತಿದೀವಿ. ತಪ್ಪೇ. ಆದ್ರೆ ವೆಲ್ಕೊ ಕೆಲಸ ಆತನ ಕೈಲಿದೆ. ಮದುವೆ ದಿನ ಆತನ ಮರ್ಯಾದೆ ತೆಗೆಯೋಕೆ ನನ್ನ ಕೈಲಿ ಆಗಲ್ಲ. ಹೊಡೀತೀನಿ. ಒಂದೇ ಗುಂಡು."

ಎಲ್ಲರೂ ಅದನ್ನೇ ಹೇಳುತ್ತಿದ್ದರು. ಒಂದೇ ಗುಂಡು. ಕಣ್ಣಿಗೆ ಎಷ್ಟು ಬೇಕು?

ಶನಿವಾರ ಪಟ್ಟಣಕ್ಕೆ ಹೊರಟೆ. ಡಿಪೋದ ಹಳೆಯ ಗೆಳೆಯನೊಬ್ಬನ ಹತ್ತಿರ ಇನ್ನೊಂದು 'ಹೋಗದು' ಇತ್ತು. ನನ್ನದು ಫಿಚೊ ಕಾರು. ಕಾರು ಎನ್ನುವುದು ಮರ್ಯಾದೆಗೆ, ನಾಲ್ಕು ಚಕ್ರದ ಡಬ್ಬಿ ಅದು. ಗ್ರೂಜಾ ಹೊಳೆಯ ದಾರಿ ಹಿಡಿದೆ. ತಿರುವು ದಾಟಿದ ಮೇಲೆ ಕನ್ನಡಿಯಲ್ಲಿ ಜೀಪು ಕಂಡಿತು.

ದೊಡ್ಡದು. ಕರಿಯದು. ಹತ್ತಿರ ಬರುತ್ತಿತ್ತು.

ಗುದ್ದಿತು.

ಡಬ್ಬಿ ಕುಣಿಯಿತು. ಹಲ್ಲು ಹಲ್ಲಿಗೆ ಬಡಿಯಿತು. ಮತ್ತೆ ಗುದ್ದಿತು. ಹಿಂದಿನ ಗಾಜು ನನ್ನ ಕಾಲರಿನೊಳಗೆ ಬಿತ್ತು. ಬಲಕ್ಕೆ ಎಳೆದೆ. ಪ್ಲಮ್ ತೋಟದ ಸಾಲುಗಳ ನಡುವೆ ನುಗ್ಗಿದೆ. ಬರಿಯ ಕೊಂಬೆಗಳು ಎರಡೂ ಕಡೆ ಚಾಟಿ ಬೀಸಿದವು. ಜೀಪು ಬಿಡಲಿಲ್ಲ. ಸಣ್ಣ ಗಿಡಗಳನ್ನು ಮುರಿದುಕೊಂಡೇ ಬಂತು.

ತೋಟದ ಕೊನೆಗೆ ಹೊಳೆ. ಹೊಳೆಗೆ ಎತ್ತಿನಗಾಡಿ ದಾಟಲು ಕಟ್ಟಿದ ಮರದ ಸೇತುವೆ. ಎರಡು ಕಂಬಗಳ ನಡುವೆ ಒಂದು ಗಾಡಿಯಷ್ಟೇ ಅಗಲ.

ಡಬ್ಬಿ ದಾಟುತ್ತದೆ. ಜೀಪು ದಾಟದು.

ನಾನು ಬ್ರೇಕ್ ಮುಟ್ಟಲಿಲ್ಲ. ಕಂಬಗಳು ಎರಡೂ ಬಾಗಿಲ ಹಿಡಿಗಳನ್ನು ಕಿತ್ತುಕೊಂಡವು. ಹಿಂದೆ ಜೀಪು ಕಂಬಗಳ ನಡುವೆ ಸಿಕ್ಕಿಬಿದ್ದ ಶಬ್ದ ಕೇಳಿತು... ಕೊಡದಲ್ಲಿ ತಲೆ ಸಿಕ್ಕಿಸಿಕೊಂಡ ನಾಯಿಯ ಹಾಗೆ ಅದು ಒದ್ದಾಡಿತು. ನಗು ಬಂತು. ನಗುತ್ತಿರುವಾಗಲೇ ನನ್ನ ಕೆಳಗಿನ ಹಲಗೆ ಮುರಿಯಿತು.

ಡಬ್ಬಿ ಹೊಳೆಗೆ ಬಿತ್ತು.

ನೀರು ಸೊಂಟದವರೆಗೆ. ಹಿಮದಂಥ ತಣ್ಣೀರು. ಕಿಟಕಿಯಿಂದ ತೆವಳಿ ಹೊರಗೆ ಬಂದು ಆಚೆ ದಡದ ಕೆಸರಿನಲ್ಲಿ ಕೂತೆ. ಈಚೆ ದಡದಲ್ಲಿ ಪ್ರೋದಾನ್ ಇಳಿದು ನಿಂತ. ಹೆಗಲಲ್ಲಿ ಬಂದೂಕು.

"ತಾತ, ಬದುಕಿದೀಯಾ?"

"ನೋಡಿದ್ರೆ ಗೊತ್ತಾಗಲ್ವಾ?"

"ಮನೆಗೆ ಹೋಗು. ಬೆಂಕಿ ಕಾಯಿಸ್ಕೋ. ನಾಳೆ ಊಟಕ್ಕೆ ಬಾ, ಹಂದಿ ಸುಡ್ತಾರೆ. ಬಾಯಿ ಮಾತ್ರ ಊಟಕ್ಕಷ್ಟೇ ತೆಗಿ. ಇಲ್ಲಾಂದ್ರೆ..." ಹೆಗಲಿನ ಬಂದೂಕನ್ನು ತಟ್ಟಿದ.

ಆ ಬಂದೂಕನ್ನು ನೋಡಿದೆ. ಎರಡು ನಳಿಗೆಯದು. ಅವನ ಸ್ವಂತದ್ದು, ಅವನಪ್ಪನ ಕಾಲದ್ದು.

ಗೋದಾಮಿನಲ್ಲಿ ನಲವತ್ತು ಬಿದ್ದಿವೆ. ನನ್ನನ್ನು ಹೆದರಿಸಲು ಬಂದವನು ಅದರಲ್ಲಿ ಒಂದನ್ನೂ ತಂದಿರಲಿಲ್ಲ. ಗುರುವಾರ ನಾನು ಹೇಳಿದ ಮಾತು ಅವನೊಳಗೆ ಕೂತಿತ್ತು. ಊರಿನಲ್ಲಿ ನನ್ನನ್ನು ನಂಬಿದವನು ಒಬ್ಬನೇ ಇದ್ದ. ಅವನು ನನ್ನನ್ನು ಹೊಳೆಗೆ ತಳ್ಳಿದವನು.

ಮೈ ನಡುಗುತ್ತಿತ್ತು. ಆದರೆ ತಲೆ ಬೆಚ್ಚಗಾಯಿತು. 'ಹೋಗದು' ಕಳೆದರೆ ಏನಂತೆ? ಬಂದೂಕನ್ನು ಅಳೆಯಲು ಇನ್ನೊಂದು ಸಾಮಾನು ಇದೆ.

ಮಾರುವವನ ಕೆನ್ನೆ.

ಭಾನುವಾರ ಬಿಸಿಲಿತ್ತು. ಹೆಣ್ಣಿನ ಮನೆಯಂಗಳದ ತುಂಬ ಜನ. ಎಲ್ಲರ ಎದೆಗೂ ರೋಸ್ಮರಿ ಕಡ್ಡಿ ಚುಚ್ಚಿದ್ದರು. ತುತ್ತೂರಿಯವರ ಕೆನ್ನೆ ಉಬ್ಬಿ ಕೆಂಪಾಗಿತ್ತು. ಅಂಗಳದ ಕೊನೆಯ ನೆಟ್ಟನೆಯ ಮರದ ತುದಿಯಲ್ಲಿ ಕೆಂಪು ದಾರಕ್ಕೆ ಕಟ್ಟಿದ ಸೇಬು ತೂಗುತ್ತಿತ್ತು. ಅದರಾಚೆ ಬರೀ ಗುಡ್ಡ.

ತಿಹೋಮಿರ್ ಕೂಮನ ಕಸೂತಿ ವಲ್ಲಿಯನ್ನು ಹೆಗಲಿನಿಂದ ಸೊಂಟಕ್ಕೆ ಅಡ್ಡವಾಗಿ ಕಟ್ಟಿಕೊಂಡಿದ್ದ. ನನ್ನಪ್ಪ ಕಟ್ಟಿದ್ದು, ನಾನು ಕಟ್ಟಿದ್ದು ಅಂಥದ್ದೇ. ಅವನ ಕೈಯಲ್ಲಿ ಬೆಳ್ಳಿ ಹೂವಿನ ಬಂದೂಕು. ಸ್ತಾಮೆನಾಗೆ ಕೊಡಲು ಎತ್ತಿದ.

ನಾನು ಮುಂದೆ ಬಂದೆ. ತುತ್ತೂರಿಗಳು ಒಂದೊಂದಾಗಿ ನಿಂತವು. ಪ್ರೋದಾನನ ಕೈ ಕೋಟಿನೊಳಗೆ ಹೋಯಿತು. ತಿಹೋಮಿರ್ ನಗುತ್ತಲೇ ಇದ್ದ, ಕಣ್ಣು ಮಾತ್ರ ನಗಲಿಲ್ಲ.

"ಹೆದರಬೇಡಿ, ಜಗಳಕ್ಕೆ ಬಂದಿಲ್ಲ," ಎಂದೆ. "ಮೂರು ತಲೆಮಾರು ನಮ್ಮನೆ ಈ ಮನೆಗೆ ಕೂಮ. ಇವತ್ತು ತಿಹೋಮಿರನಿಗೆ ಬಿಟ್ಟುಕೊಡ್ತಾ ಇದೀನಿ. ಎಲ್ಲರ ಮುಂದೆ, ಮನಸಾರೆ."

ಹೆಂಗಸರು ಕಣ್ಣು ಒರೆಸಿಕೊಂಡರು. ಅವನ ಎರಡೂ ಕೆನ್ನೆಗೆ ಪದ್ಧತಿಯಂತೆ ಮುತ್ತು ಕೊಟ್ಟೆ. ಬಾಯಿ ಕಹಿಯಾಯಿತು.

"ಆದ್ರೆ ಹಳೇ ಪದ್ಧತಿ ತಪ್ಪಬಾರದು. ಹೊಸ ಕೂಮ ಬಂದ ದಿನ ಸೇಬಿಗೆ ಮೊದಲ ಗುಂಡು ಕೂಮನದ್ದು. ತಾಗಲಿ ಬಿಡಲಿ. ಆಮೇಲೆ ಮಿಕ್ಕವರದ್ದು."

ಅಂಥ ಪದ್ಧತಿ ನಮ್ಮಲ್ಲಿ ಇಲ್ಲ. ಹಿಂದಿನ ದಿನ ಕೆಸರಿನಲ್ಲಿ ಕೂತು ಮಾಡಿಕೊಂಡಿದ್ದು. ಆದರೆ ಮದುವೆ ಮನೆಯಲ್ಲಿ ಇಂಥ ಪದ್ಧತಿ ನನಗೆ ಗೊತ್ತಿಲ್ಲ ಎನ್ನುವ ಧೈರ್ಯ ಯಾರಿಗಿದೆ?

"ಹೌದು ಹೌದು," ಎಂದಳು ಹೆಣ್ಣಿನ ಅಜ್ಜಿ, ಕುರ್ಚಿಯಿಂದಲೇ. "ನಮ್ಮತ್ತೆ ಮದುವೇಲೂ ಹಾಗೇ ಮಾಡಿದ್ದು."

"ನಮ್ಮ ಕಡೆ ಎರಡು ಗುಂಡು," ಎಂದ ಇನ್ನೊಬ್ಬ ಮುದುಕ.

"ಹೊಡೀರಿ ಕೂಮ!" ಎಂದು ಹುಡುಗರು ಕೂಗಿದರು. ತುತ್ತೂರಿಯವನೊಬ್ಬ ಒಂದು ಸ್ವರ ಎತ್ತಿ ಬಿಟ್ಟ.

ತಿಹೋಮಿರನ ನಗು ಅಲ್ಲೇ ಗಂಟು ಹಾಕಿಕೊಂಡಿತು.

"ನನ್ನ ಹೆಗಲು ಸರಿ ಇಲ್ಲ," ಎಂದ. "ಪ್ರೋದಾನ್ ಹೊಡೀತಾನೆ. ನನ್ನ ಪರವಾಗಿ."

ಪ್ರೋದಾನ್ ಒಂದು ಹೆಜ್ಜೆ ಹಿಂದೆ ಇಟ್ಟ. "ನಾನ್ಯಾಕೆ? ಕೂಮ ನೀವಲ್ವಾ?"

ಜನ ನಕ್ಕರು. ಅವನು ನಗಲಿಲ್ಲ.

ತಿಹೋಮಿರ್ ಬಂದೂಕು ಎತ್ತಿದ. ಹಿಡಿಯನ್ನು ಹೆಗಲಿಗೆ ಆನಿಸಲಿಲ್ಲ, ಕಂಕುಳಲ್ಲಿ ಸಿಕ್ಕಿಸಿದ. ತೋಳು ಉದ್ದಕ್ಕೆ ಚಾಚಿದ. ಮುಖ ಆದಷ್ಟು ಹಿಂದೆ, ಪಕ್ಕಕ್ಕೆ... ಬಿಸಿ ಒಲೆಯಿಂದ ರೊಟ್ಟಿ ತೆಗೆಯುವವನ ಹಾಗೆ. ಕಣ್ಣು ಎರಡೂ ಮುಚ್ಚಿದ್ದವು.

ಜನ ಇನ್ನೂ ನಗುತ್ತಿದ್ದರು. ಕುಡಿದಿದ್ದಾನೆ ಎಂದುಕೊಂಡರು.

ಸ್ತಾಮೆನಾ ನಗುವುದನ್ನು ನಿಲ್ಲಿಸಿದಳು. ಗುರಿಗಾರ್ತಿಯ ಕಣ್ಣು ಅದು. ಅವಳು ನೋಡಿದ್ದು ಸೇಬನ್ನಲ್ಲ.

"ಕೂಮ, ಕೆನ್ನೆ ಇಡಿ," ಎಂದಳು.

"ಇಟ್ಟಿದೀನಿ."

"ಇಟ್ಟಿಲ್ಲ."

ಅವಳು ಅವನ ಹತ್ತಿರ ಹೋದಳು. ಹಿಡಿಯನ್ನು ಅವನ ಹೆಗಲಿಗೆ ಒತ್ತಿದಳು. ಇನ್ನೊಂದು ಅಂಗೈಯನ್ನು ಅವನ ತಲೆಯ ಹಿಂದೆ ಇಟ್ಟಳು. ಹೊಸಬರಿಗೆ ಕಲಿಸುವ ಹಾಗೆ, ಮೆತ್ತಗೆ, ಆ ತಲೆಯನ್ನು ಬಂದೂಕಿನ ಹಿಡಿಯ ಕಡೆಗೆ ಬಾಗಿಸಿದಳು.

"ಹೆದರ್ಬೇಡಿ ಕೂಮ. ಕೊಟ್ಟೋರು ನೀವೇ ಅಲ್ವಾ? ಈಗ ಹೊಡೀರಿ."

ಅವನ ಕೆನ್ನೆಗೂ ಹಿಡಿಗೂ ನಡುವೆ ಒಂದು ಬೆರಳಿನ ಜಾಗ. ಅವಳು ಒತ್ತಿದಳು. ಅವನ ಕುತ್ತಿಗೆ ನರ ಉಬ್ಬಿತು. ಬೆವರು ಬೆಳ್ಳಿ ಹೂವಿನ ಮೇಲೆ ಬಿತ್ತು. ಆ ಒಂದು ಬೆರಳು ಜಾಗ ಮುಚ್ಚಲಿಲ್ಲ.

ಅದೇ ನನ್ನ 'ಹೋಗದು'. ಹೋಗಲಿಲ್ಲ.

"ಬಿಡು," ಎಂದ ತಿಹೋಮಿರ್. ಉಸಿರಿನಷ್ಟು ಸಣ್ಣ ದನಿ. "ಬಿಡೇ, ಬಿಡು."

ಅವಳು ಬಿಟ್ಟಳು. ಬಂದೂಕನ್ನು ಅವನ ಕೈಯಿಂದ ತೆಗೆದುಕೊಂಡಳು. ಚಿಲಕ ಎಳೆದು ತೋಟಾ ಹೊರಗೆ ಬೀಳಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಬಣ್ಣ ಇರಲಿಲ್ಲ.

"ಮೊನ್ನೆ ನಾನು ನಿಮಗೆ ಏನೇನಂದೆ..."

"ಎಲೆಕೋಸು ಸುತ್ತುವಾಗಿನ ಮಾತು. ಬಿಡು."

ಪ್ರೋದಾನನ ಕೈ ಕೋಟಿನಿಂದ ಹೊರಗೆ ಬಂತು. ಅದರಲ್ಲಿ ಇದ್ದದ್ದು ನನ್ನ ಉಕ್ಕಿನ ತುಂಡು.

"ತಗೋ ತಾತ," ಎಂದ. "ಇದು ಜೇಬಲ್ಲಿದ್ದಾಗಿಂದ ನಿದ್ದೆ ಬಂದಿಲ್ಲ."

ಎಲ್ಲರ ಮುಂದೆ ಬೆಳ್ಳಿ ಹೂವಿನ ಬಂದೂಕಿಗೆ ಅದನ್ನು ಹಾಕಿದೆ. ಸ್ತಾಮೆನಾ ಒಂದೇ ಬೆರಳಿನಲ್ಲಿ ಚಿಲಕ ಮುಚ್ಚಿದಳು. ಹೋಗಬಾರದ್ದು ಹೋಯಿತು.

ಸ್ರೆತೆನ್ ಗಡ್ಡ ಕೆರೆದುಕೊಂಡ. "ಅದೊಂದು ಕಬ್ಬಿಣದ ತುಂಡು. ಅದು ಹೇಳ್ತು ಅಂತ..."

ಇನ್ನೂ ಬುದ್ಧಿ ಬಂದಿರಲಿಲ್ಲ. ಕೊಟ್ಟಿಗೆಯ ಹಿಂದೆ ಗೊಬ್ಬರದ ಗುಡ್ಡೆ ಇತ್ತು. ಜನರನ್ನು ದೂರ ನಿಲ್ಲಿಸಿದೆ. ಬಂದೂಕನ್ನು ಎರಡು ಟ್ರ್ಯಾಕ್ಟರ್ ಟೈರಿನ ನಡುವೆ ಕಟ್ಟಿ, ನಳಿಗೆಯನ್ನು ಗುಡ್ಡೆಗೆ ತಿರುಗಿಸಿ, ಟ್ರಿಗರಿಗೆ ಉದ್ದದ ದಾರ ಬಿಗಿದೆ. ಸ್ತಾಮೆನಾಳ ಕೆನ್ನೆ ಎಲ್ಲಿ ಕೂರಬೇಕೋ ಅಲ್ಲಿ ಒಂದು ಕುಂಬಳಕಾಯಿ ಇಟ್ಟೆ.

"ಎಳಿ," ಎಂದೆ ಸ್ರೆತೆನ್‌ಗೆ.

ಎಳೆದ.

ಸದ್ದು ಬೇರೆ ಥರ ಇತ್ತು. ಒಡೆದ ಗಂಟೆಯ ಸದ್ದು. ಹೊಗೆ ಇಳಿದ ಮೇಲೆ ಹತ್ತಿರ ಹೋದೆವು. ಮರದ ಹಿಡಿ ಉದ್ದಕ್ಕೆ ಸೀಳಿತ್ತು. ಕುಂಬಳಕಾಯಿಯ ಒಂದು ಕಡೆ ಕರಕಾಗಿ, ಅದರಲ್ಲಿ ಹಿತ್ತಾಳೆಯ ಚೂರುಗಳು ನಾಟಿದ್ದವು. ಸ್ತಾಮೆನಾ ಬಗ್ಗಿ ಒಂದು ಚೂರನ್ನು ಮುಟ್ಟಿದಳು. ಆಮೇಲೆ ತನ್ನ ಬಲಗಣ್ಣನ್ನು ಮುಟ್ಟಿಕೊಂಡಳು.

ನಾವು ತಿರುಗಿ ನೋಡುವಷ್ಟರಲ್ಲಿ ತಿಹೋಮಿರನ ಕಾರು ಗೇಟು ದಾಟಿತ್ತು. ಕಸೂತಿ ವಲ್ಲಿ ಬೇಲಿಗೆ ಸಿಕ್ಕಿ ನೇತಾಡುತ್ತಿತ್ತು.

ಸೇಬನ್ನು ಸ್ತಾಮೆನಾ ತನ್ನಪ್ಪನ ಹಳೇ ಬಂದೂಕಿನಲ್ಲಿ ಹೊಡೆದಳು. ಮೊದಲ ಗುಂಡು ದಾರಕ್ಕೆ ಸವರಿಕೊಂಡು ಹೋಯಿತು. ಬಲಗಣ್ಣನ್ನು ಒಮ್ಮೆ ಉಜ್ಜಿಕೊಂಡಳು. ಎರಡನೆಯದಕ್ಕೆ ಸೇಬು ಚೂರಾಗಿ ತುತ್ತೂರಿಯವರ ಟೋಪಿಗಳ ಮೇಲೆ ಉದುರಿತು. ಹೆಣ್ಣು ಹೊರಗೆ ಬಂದಳು.

ಕೂಮ ಇಲ್ಲದೆ ಮದುವೆ ಇಲ್ಲ. ವೆಲ್ಕೊ ಬೇಲಿಯಿಂದ ವಲ್ಲಿ ತಂದು, ಅಳುತ್ತ, ನನ್ನ ಕೆಸರು ಕೋಟಿನ ಮೇಲೆ ಕಟ್ಟಿದ. ಕಿತ್ತ ಗುಂಡಿಯನ್ನು ಮತ್ತೆ ಹೊಲಿದರು.

ಸಂತೋಷವಾಯಿತೇ ಎಂದು ಕೇಳುತ್ತೀರಿ. ಕೇಳಿ. ಊಟಕ್ಕೆ ಕೂತಾಗ ಸ್ರೆತೆನ್ ಪಕ್ಕಕ್ಕೆ ಬಂದ. ಬಾಯಲ್ಲಿ ಹಂದಿಮಾಂಸ, ಗಡ್ಡದಲ್ಲಿ ಎಣ್ಣೆ. ಹಂದಿ ತಿಹೋಮಿರ್ ಕಳಿಸಿದ್ದು.

"ಓಬ್ರಾದ್, ನಲವತ್ತರಲ್ಲಿ ನಾಲ್ಕೈದಾದ್ರೂ ಸರಿ ಇರಬಹುದಲ್ವಾ? ಈಗ ಅಗ್ಗಕ್ಕೆ ಕೊಡ್ತಾನೆ..."

ನಾನು ತಟ್ಟೆ ದೂರ ತಳ್ಳಿದೆ.

ಸೋಮವಾರ ಪೊಲೀಸರು ಬಂದು ಬಂದೂಕುಗಳನ್ನು ಲಾರಿಗೆ ಏರಿಸಿಕೊಂಡು ಹೋದರು. ಒಯ್ದಿದ್ದು ಅಷ್ಟನ್ನೇ, ತಿಹೋಮಿರನನ್ನಲ್ಲ. ಪ್ರೋದಾನ್ ಮಂಗಳವಾರ ನನ್ನ ಬಾಗಿಲಿಗೆ ಬಂದು, ಹೊಳೆಯಿಂದ ಫಿಚೊ ಎಳೆಯಲು ಹಗ್ಗ ಇದೆಯಾ ಎಂದು ಕೇಳಿದ. ಕೊಟ್ಟೆ.

ತಿಹೋಮಿರ್ ಊರು ಬಿಟ್ಟದ್ದು ಬುಧವಾರ. ಸಂತ ದಿಮಿತ್ರಿಯ ದಿನ. ಹಿಂದಿನ ಕಾಲದಲ್ಲಿ ಕಾಡಿನ ದರೋಡೆಕೋರರು ಎಲೆ ಉದುರಿದ ಮೇಲೆ ಅದೇ ದಿನ ತಂಡ ಮುರಿದುಕೊಂಡು ದಿಕ್ಕಿಗೊಬ್ಬರು ಹೋಗುತ್ತಿದ್ದರಂತೆ. ಅವನ ಖಾಲಿ ಲಾರಿ ನನ್ನ ಗೇಟಿನ ಮುಂದೆಯೇ ಹಾದು ಹೋಯಿತು. ನೋಡಲು ನಿಂತಿದ್ದ ಸ್ತಾಮೆನಾ ಕೇಳಿದಳು, "ಕೂಮ, ಇವನೂ ಅವರ ಜಾತಿಯೇ ಅಲ್ವಾ?"

ಅಲ್ಲ ಎಂದೆ. ಅವರು ಕಳ್ಳರೇ, ನಿಜ. ಆದರೆ ತಮ್ಮ ಬಂದೂಕಿಗೆ ತಮ್ಮ ಕೆನ್ನೆಯನ್ನೇ ಇಡುತ್ತಿದ್ದರು.